ಗುಂಡಿನಾಟಕ್ಕೆ ಸಭಾಂಗಣ, ದೊಡ್ಡಾಟಕ್ಕೆ ತಕರಾರು

ಯುವಜನೋತ್ಸವ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನಗೆ ಹೊಟ್ಟೆಕಿಚ್ಚಾಗಿದೆ. ನೀವು ಕಂಡುಹಿಡಿಯುವ ಮೊದಲು ನಾನೇ ಹೇಳಿಬಿಡುತ್ತೇನೆ. ಕುಷ್ಟಗಿಯ ನಿಮ್ಮ ಉತ್ಸವದಲ್ಲಿ ಮೊಬೈಲಿನಲ್ಲಿ ಬಂದೂಕು ಹಾರಿಸುವ ಗುಂಡಿನಾಟಕ್ಕೆ ಸಭಾಂಗಣ, ದೊಡ್ಡ ಪರದೆ, ಕೂಲರು, ಗೆದ್ದವರಿಗೆ ಆಳೆತ್ತರದ ಟ್ರೋಫಿ. ತಾವರಗೇರಾದ ನಮ್ಮ ದೊಡ್ಡಾಟದ ಅರ್ಜಿಗೆ ಮಾತ್ರ ಒಂದೂವರೆ ಸಾಲಿನ ಉತ್ತರ: "ಸಂಹಾರದ ದೃಶ್ಯವಿದ್ದು, ಯುವಜನರಲ್ಲಿ ಹಿಂಸಾ ಮನೋಭಾವ ಬೆಳೆಯುವ ಸಂಭವವಿರುವುದರಿಂದ ಅವಕಾಶ ನೀಡಲಾಗದು."

ನಮ್ಮ ಕತ್ತಿ ಕಟ್ಟಿಗೆಯದು ಸ್ವಾಮಿ. ಅದಕ್ಕೆ ಬೇಗಡೆ ಅಂಟಿಸಿದವನು ನಾನೇ. ಮೂವತ್ತು ವರ್ಷಗಳಿಂದ ರಾಕ್ಷಸನ ಪಾತ್ರ ಮಾಡಿ ಊರೂರಲ್ಲಿ ಸತ್ತಿದ್ದೇನೆ. ನನ್ನ ಸಾವು ನೋಡಿ ಯಾರೂ ಯಾರ ಮೇಲೂ ಕೈ ಮಾಡಿದ್ದು ಕಾಣೆ. ಹಾಗಾಗಿ ಗುಂಡಿನಾಟ ಆಡಿದವರೆಲ್ಲ ಕೊಲೆಗಡುಕರಾಗುತ್ತಾರೆ ಎಂದು ನಾನೂ ಹೇಳಲಾರೆ. ಆದರೆ ಕಟ್ಟಿಗೆಯ ಕತ್ತಿ ಮಂದಿಯನ್ನು ಕೆಡಿಸುತ್ತದೆ, ಪರದೆಯ ಬಂದೂಕು ಕೆಡಿಸುವುದಿಲ್ಲ ಎಂಬ ಶಾಸ್ತ್ರವನ್ನು ನಿಮಗೆ ಕಲಿಸಿದ ಗುರುಗಳು ಯಾರು?

ಈಗ ನನ್ನ ಸಂಕಟ ಕೇಳಿ. ಹನ್ನೊಂದು ವರ್ಷಗಳಿಂದ ಆಟದಲ್ಲಿ ನನ್ನನ್ನು ಕೊಲ್ಲುತ್ತ ಬಂದವನು ಕಳಕೇಶ, ದಾಳಿಂಬೆ ತೋಟದಲ್ಲಿ ದುಡಿಯುವವನು. ನಮ್ಮ ಮೇಳದಲ್ಲೊಂದು ಪದ್ಧತಿಯಿದೆ. ಕೊಲ್ಲುವ ಪಾತ್ರದವನು ಆಟದ ದಿನ ಸಾಯುವವನ ಮನೆಗೆ ಹೋಗಿ ಅವನ ಹೆಂಡತಿಯ ಅಪ್ಪಣೆ ಕೇಳಬೇಕು. ಮರುದಿನ ಅದೇ ಮನೆಯಲ್ಲಿ ಸತ್ತವನೊಂದಿಗೆ ಒಂದೇ ತಾಟಿನಲ್ಲಿ ರೊಟ್ಟಿ ತಿನ್ನಬೇಕು. ಬಣ್ಣದ ಜೊತೆ ಹಚ್ಚಿಕೊಂಡ ದ್ವೇಷ ಮೈಯಲ್ಲಿ ಉಳಿಯಬಾರದೆಂದು ಹಿರಿಯರು ಮಾಡಿದ್ದು.

"ಚಿಗವ್ವಾ, ಇವತ್ತ ಕಾಕಾನ್ನ ಕೊಲ್ಲಾಕ ಹೊಂಟೀನಿ. ಅಪ್ಪಣಿ ಕೊಡ್ರಿ," ಎನ್ನುತ್ತಾನೆ ಅವನು.

"ಮೊಣಕಾಲ ನೋವೈತಿ ಅವರಿಗೆ. ಮೆತ್ತಗ ಕೆಡವಪಾ," ಎನ್ನುತ್ತಾಳೆ ನನ್ನ ಹೆಂಡತಿ ಮಾಳವ್ವ.

ಈ ವರ್ಷ ಅವನು ತಾಲೀಮಿಗೇ ಬರಲಿಲ್ಲ. ನಿಮ್ಮ ಸ್ಪರ್ಧೆಗೆ ಹೋಗಿದ್ದ. ಬೈಯಲೆಂದು ನಾನೂ ಬೆನ್ನು ಹತ್ತಿ ಬಂದೆ. ನನ್ನ ಕಣ್ಣೆದುರೇ ಅರ್ಧ ಗಂಟೆಯಲ್ಲಿ ಹದಿನೇಳು ಜನರನ್ನು ಕೊಂದ. ಸಭಾಂಗಣ ಎದ್ದು ನಿಂತು ಸಿಳ್ಳೆ ಹೊಡೆಯಿತು. ನನ್ನನ್ನು ಕೊಂದಾಗ ಅವನಿಗೆ ಅಂಥ ಚಪ್ಪಾಳೆ ಯಾವತ್ತೂ ಬಿದ್ದಿಲ್ಲ. ಬೈಯುವುದು ಮರೆತು, ಸತ್ತವರು ಯಾರಪ್ಪಾ ಎಂದು ಕೇಳಿದೆ.

"ಯಾರಿಗ್ಗೊತ್ತ ಕಾಕಾ? ಯಾವ್ಯಾವ ಊರಾವ್ರೋ ಏನೋ," ಎಂದ.

ಮನೆಗೆ ಬಂದು ಹೇಳಿಕೊಂಡರೆ ಮಾಳವ್ವ ನಕ್ಕಳು. "ಸವತಿ ಬಂದಂಗ ಮಾಡಾಕತ್ತೀರಲ್ರಿ!" ಅವಳ ಮುಂದೆ ಒಪ್ಪಲಿಲ್ಲ, ನಿಮ್ಮ ಮುಂದೆ ಒಪ್ಪುತ್ತೇನೆ. ಆ ಹದಿನೇಳು ಜನರ ಮೇಲೆ ನನಗೆ ಅಸೂಯೆ. ಹೆಸರಿಲ್ಲದವರು, ತಾಲೀಮಿಲ್ಲದೆ ಸತ್ತವರು, ನನ್ನ ಕಳಕೇಶನ ಕೈಯಲ್ಲಿ ಸತ್ತು ಹೋದರು.

ಗುಂಡಿನಾಟ ನಿಲ್ಲಿಸಿ ಎಂದು ನಾನು ಕೇಳುವುದಿಲ್ಲ. ಬರುವ ಉತ್ಸವದಲ್ಲಿ ಅದೇ ಸಭಾಂಗಣವನ್ನು ಒಂದು ಮಧ್ಯಾಹ್ನ ನಮಗೂ ಕೊಡಿ. ಹಿಂಸೆಯ ಭಯವಿದ್ದರೆ ಮುಂದಿನ ಸಾಲಿನಲ್ಲಿ ನೀವೇ ಕಾವಲು ಕುಳಿತುಕೊಳ್ಳಿ. ಅಷ್ಟು ಮಂದಿ ಕುಳಿತಿದ್ದಾರೆಂದರೆ ಕಳಕೇಶ ಬಂದೇ ಬರುತ್ತಾನೆ. ನನಗೀಗ ಅರವತ್ತೆರಡು. ಈ ಪಾತ್ರಕ್ಕೆ ನನ್ನ ಮೈ ಇನ್ನೆರಡು ವರ್ಷ ತಡೆದರೆ ಹೆಚ್ಚು. ಬೇರೆಯವರ ಕೈಯಲ್ಲಿ ಸಾಯಲು ನನಗೆ ಮನಸ್ಸಿಲ್ಲ.

ಇಂತಿ,
ಕೊಲ್ಲುವವರಿಲ್ಲದೆ ಈ ವರ್ಷ ಬದುಕಿ ಉಳಿದ
ವಿರುಪಾಕ್ಷಿ, ತಾವರಗೇರಾ