ಒಂದೇ ಲ್ಯಾಪ್‌ಟಾಪಿನಲ್ಲಿ ಎರಡು ಪೈಥಾನ್

ಪಾಂಡವಪುರ
ಶನಿವಾರ ಮಧ್ಯಾಹ್ನ

ನನ್ನ ಪ್ರಮೀಳಕ್ಕನಿಗೆ,

ಇವತ್ತು ಬೆಳಿಗ್ಗೆ ಕಂಪನಿಯವರು ಕರೆದು ನನ್ನ ಕೆಲಸ ಕಾಯಂ ಆಯಿತು ಎಂದರು. ನಮ್ಮನೆಯವರಿಗೆ, ಅಂದರೆ ನಿನ್ನ ಮೈದುನನಿಗೆ, ಇನ್ನೂ ಹೇಳಿಲ್ಲ. ಮೊದಲು ನಿನಗೇ ತಿಳಿಯಬೇಕು ಅನ್ನುವುದು ನನ್ನ ಹಟ. ಫೋನಿನಲ್ಲಿ ಹೇಳೋಣವೆಂದರೆ ನಾನು ಅಳುತ್ತೇನೆ, ನೀನು ಬೈಯುತ್ತೀಯ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಕಾಗದ.

ಬೋರ್‌ವೆಲ್ ಸರದಿಯ ಜಗಳಕ್ಕೆ ಮನೆ ಭಾಗವಾದ ವರ್ಷವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಅಣ್ಣ ತಮ್ಮ ಮಾತು ಬಿಟ್ಟರು. ಅವರ ಹೆಂಡಿರು ಅನ್ನುವ ಒಂದೇ ಕಾರಣಕ್ಕೆ ವಾರಗಿತ್ತಿಯರಾದ ನಾವೂ ಬಾಯಿ ಹೊಲಿದುಕೊಂಡೆವು. ನಡುಮನೆಗೆ ಗೋಡೆ ಬಂತು, ಒಲೆ ಎರಡಾಯಿತು, ಕರೆಂಟಿನ ಮೀಟರು ಎರಡಾಯಿತು. ಸಾಮಾನು ಹಂಚುವಾಗ ನೀನು ಬಳಸುತ್ತಿದ್ದ ಲ್ಯಾಪ್‌ಟಾಪ್ ನಮ್ಮ ಪಾಲಿಗೆ ಬಂತು, ಗ್ರೈಂಡರ್ ನಿಮ್ಮ ಪಾಲಿಗೆ ಹೋಯಿತು. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳಿಗೆ ಗ್ರೈಂಡರ್, ದೋಸೆ ಹಿಟ್ಟು ರುಬ್ಬುವವಳಿಗೆ ಲ್ಯಾಪ್‌ಟಾಪ್! ಪಂಚಾಯ್ತಿ ಮಾಡಿದ ಹಿರಿಯರ ಜಾಣತನಕ್ಕೆ ನಾವಿಬ್ಬರೂ ಬಿದ್ದು ಬಿದ್ದು ನಗಬೇಕಿತ್ತು. ಆದರೆ ಒಟ್ಟಿಗೆ ನಗಲು ಮಾತಾದರೂ ಇರಬೇಕಲ್ಲ.

ಆಮೇಲೆ ನಾನು ತರಬೇತಿ ಕೇಂದ್ರಕ್ಕೆ ಸೇರಿ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಕಲಿತೆ. ರೈತರ ಕಂಪನಿಗೆ ದಿನವೂ ಬರುವ ತರಕಾರಿಯ ಪಟ್ಟಿಯನ್ನು ಊರುವಾರು ವಿಂಗಡಿಸುವ ಪ್ರೋಗ್ರಾಮ್ ಬರೆದು, ನನ್ನದೇ ಲ್ಯಾಪ್‌ಟಾಪಿನಲ್ಲಿ ಓಡಿಸಿ ತೋರಿಸಿದರೆ ಕೆಲಸ ಎಂದಿದ್ದರು. "ಇದೊಂದ್ ಸಲ ನೋಡು. ಆಗ್ನಿಲ್ಲ ಅಂದ್ರೆ ಬುಟ್ಬುಡು, ದನಕರ ನೋಡ್ಕೊಂಡು ಇರೀವಂತೆ" ಅಂತ ನಿನ್ನ ಮೈದುನ ಅಪ್ಪಣೆ ಕೊಟ್ಟಿದ್ದರು. ಮದುವೆಯಾಗಿ ಬಂದ ಮೇಲೆ ನನಗೆ ಬೇಕು ಅಂತ ನಾನು ಬಾಯಿಬಿಟ್ಟು ಕೇಳಿದ್ದು ಆ ಕೆಲಸವೊಂದನ್ನೇ.

ಆ ದಿನ ಮಧ್ಯಾಹ್ನ ತೋರಿಸಬೇಕಿತ್ತು. ಕೇಂದ್ರದ ಕಂಪ್ಯೂಟರಿನಲ್ಲಿ ಸಲೀಸಾಗಿ ಓಡಿದ ಪ್ರೋಗ್ರಾಮ್ ಬೆಳಿಗ್ಗೆ ಮನೆಯಲ್ಲಿ ಕೆಂಪು ಸಾಲುಗಳನ್ನು ಕಾರಿಕೊಂಡಿತು. ಪಟ್ಟಿಯನ್ನು ಓದಲು ಬೇಕಾದ ಪಾಂಡಾಸ್ ಎಂಬ ಮಾಡ್ಯೂಲೇ ಇಲ್ಲ ಅಂದಿತು. ಸರಿ, ತರಿಸಿಕೊಳ್ಳೋಣವೆಂದು ಹೊರಟರೆ ಆಗಲೇ ಇದೆ ಅಂದಿತು. ಮತ್ತೆ ಓಡಿಸಿದರೆ ಇಲ್ಲ, ಮತ್ತೆ ತರಿಸಿದರೆ ಇದೆ. ನಾನು ಅಳುತ್ತಾ ಕೂತದ್ದನ್ನು ನೋಡಿ ಅತ್ತೆ ರೇಗಿದರು. "ಗಂಡುಸ್ರು ಜಗ್ಳ ಆಡುದ್ರೆ ನಿನ್ ಬಾಯ್ಗೇನಾಗೈತೆ? ಓಗಿ ನಿಮ್ಮಕ್ಕನ್ನ ಕೇಳು."

ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನಿಮ್ಮ ಬಾಗಿಲಿಗೆ ಬಂದೆ. ನೀನು ಸೊಪ್ಪು ಬಿಡಿಸುತ್ತಿದ್ದೆ. ಯಾಕೆ ಬಂದೆ ಅಂತ ಕೇಳಲಿಲ್ಲ. ನೈಟಿಗೆ ಕೈ ಒರೆಸಿಕೊಂಡು ಪಕ್ಕದಲ್ಲಿ ಚಾಪೆ ಎಳೆದೆ. "ಕೆಂಪಗೈತೆ ಅಂತ ಎದ್ರುಕೊಬ್ಯಾಡ. ಕೊನೇ ಸಾಲು ಓದು" ಅಂದೆ. ಒಂದು ಇದೆ ಅನ್ನುತ್ತೆ, ಒಂದು ಇಲ್ಲ ಅನ್ನುತ್ತೆ, ಯಾವುದು ಸುಳ್ಳು ಅಂತ ನಾನು ಕೇಳಿದೆ. ನೀನು ಏನೇನೋ ಒತ್ತಿಸಿ ನೋಡಿದೆ.

"ಎರಡೂ ದಿಟನೇ ಏಳ್ತಾವೆ ಕಣಮ್ಮಿ. ಇದ್ರಾಗೆ ಎರಡು ಪೈಥಾನ್ ಅವೆ. ಪಾಂಡಾಸ್ ಇರೋದು ನಾನು ಆಕಿದ್ದ ಪೈಥಾನಲ್ಲಿ, ತರ್ಸಕ್ಕೋದ್ರೆ ಐತೆ ಅನ್ನೋದು ಅದು. ನೀನು ಓಡುಸ್ತಿರೋದು ನಿನ್ ಪೈಥಾನ. ಅದು ತನ್ ಮನೆವೊಳ್ಗೆ ಮಾತ್ರ ಉಡುಕ್ತದೆ, ಪಕ್ಕದ್ ಮನೆಗೆ ಇಣುಕಾಕಿಲ್ಲ. ನಂದು ಚೆಂದಾಗೇ ಇತ್ತಲ್ಲ, ಇನ್ನೊಂದ್ಯಾಕೆ ಆಕೊಂಡೆ?"

"ಅದು ನಿಮ್ದಲ್ವಾ ಅಕ್ಕ. ಮುಟ್ಬಾರ್ದು ಅಂದ್ಕೊಂಡೆ."

ಯಾರು ಬೇಕಾದರೂ ಬಿಟ್ಟಿಯಾಗಿ ತರಿಸಿಕೊಳ್ಳಬಹುದಾದ ಪೈಥಾನಿಗೂ ನಾನು ನಮ್ಮದು ನಿಮ್ಮದು ಅಂತ ಗೆರೆ ಎಳೆದಿದ್ದೆ. ನೀನು ಮೊದಲು ನಕ್ಕೆ. ನಗುತ್ತಲೇ ಕಣ್ಣೊರೆಸಿಕೊಂಡೆ. "ಅವ್ರು ಬೋರ್ ನೀರು ಅಂಚ್ಕೊಂಡ್ರು. ನೀನು ಪೈಥಾನ್ನೂ ಭಾಗ ಮಾಡ್ಬುಟ್ಯಲ್ಲಮ್ಮಿ!"

ನನ್ನದನ್ನು ತೆಗೆದುಬಿಡುತ್ತೇನೆ ಅಂದೆ. ನೀನು ಒಪ್ಪಲಿಲ್ಲ. "ನೀನೇ ಕಷ್ಟಪಟ್ಟು ಆಕೊಂಡಿದ್ದೀಯ, ಇರ್ಲಿ. ನಿನ್ ಪೈಥಾನ್ ಕೈಲೇ ಪಾಂಡಾಸ್ ತರ್ಸು, ನೆಟ್ಟಗೆ ಅದ್ರ ಮನೆಗೇ ಬತ್ತದೆ" ಅಂದು ನಿನ್ನ ಮೊಬೈಲಿನಿಂದ ನೆಟ್ ಕೊಟ್ಟೆ. ಅಷ್ಟರಲ್ಲಿ ಭಾವ ಬಸ್ಸಿನ ಡ್ಯೂಟಿ ಮುಗಿಸಿಕೊಂಡು ಬಂದರು. ನನ್ನನ್ನು ನಿಮ್ಮ ಚಾಪೆಯ ಮೇಲೆ ಕಂಡು ಬಾಗಿಲಲ್ಲೇ ನಿಂತರು. "ತಿಂಡಿ ಕೊಡು" ಅಂದರು ಬಿಗಿಯಾಗಿ. ನೀನು ತಲೆಯೆತ್ತದೆ, "ಸುಮನ್ನ ಕೆಲ್ಸಕ್ಕೆ ಕಳುಸ್ಬೇಕು. ನೀವೇ ಇಕ್ಕೊಳಿ" ಅಂದೆ. ಭಾವ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಉಪ್ಪಿನಕಾಯಿ ಎಲ್ಲೈತೆ ಅಂತ ಕೂಗಿದರು. ಪರದೆಯ ಮೇಲೆ ಊರೂರಿನ ಟೊಮೇಟೊ, ಬೀನ್ಸು ಸಾಲಾಗಿ ಮೂಡಿದಾಗ ನೀನು ನನ್ನ ಬೆನ್ನಿಗೆ ಗುದ್ದಿದ್ದು ಇನ್ನೂ ನೆನಪಿದೆ.

ಅಕ್ಕ, ಆ ಗಳಿಗೆಯಲ್ಲಿ ನೀನು ನಿನ್ನ ಗಂಡನ ಸಿಟ್ಟಿಗೂ ನನ್ನ ಕೆಲಸಕ್ಕೂ ನಡುವೆ ಕೂತಿದ್ದೆ. ಬಾಗಿಲು ಹಾಕಿಕೊಂಡಿದ್ದರೂ ನಿನ್ನನ್ನು ಯಾರೂ ಏನೂ ಅನ್ನುತ್ತಿರಲಿಲ್ಲ. ನಾನು ದನದ ಕೊಟ್ಟಿಗೆಗೆ ವಾಪಸಾಗುತ್ತಿದ್ದೆ, ಇನ್ನೊಂದು ಸಲ ಕೇಳುವ ಧೈರ್ಯ ನನ್ನಲ್ಲಿ ಇರುತ್ತಿರಲಿಲ್ಲ. ನಿನ್ನ ಉಪಕಾರ ದೊಡ್ಡದು. ಇದನ್ನು ಒಂದು ಸಲವೂ ನಿನ್ನೆದುರು ಹೇಳಲಿಲ್ಲ. ಭಾವನಿಗೆ ನಾಗಮಂಗಲ ಡಿಪೋಗೆ ವರ್ಗವಾಗಿ ನೀವು ಗಾಡಿಗೆ ಸಾಮಾನು ಏರಿಸುವಾಗಲೂ ಹೇಳಲಾಗಲಿಲ್ಲ.

ಅಣ್ಣ ತಮ್ಮ ಇನ್ನೂ ಮಾತಾಡುತ್ತಿಲ್ಲ, ಗೊತ್ತು. ಅದು ನಮ್ಮಿಬ್ಬರ ಕೈಯಲ್ಲಿಲ್ಲ.

ಇವತ್ತು ಬೆಳಿಗ್ಗೆ ಮ್ಯಾನೇಜರು ಕೆಲಸದ ಕಾಗದ ಕೊಡುತ್ತಾ, ಇದನ್ನೆಲ್ಲ ಯಾರಮ್ಮ ಹೇಳಿಕೊಟ್ಟೋರು ಅಂತ ಕೇಳಿದರು.

"ನಮ್ಮಕ್ಕ" ಅಂದೆ.

"ಒಡಹುಟ್ಟಿದೋರಾ?"

"ಊಂ ಸಾರ್" ಅಂದೆ. ಸುಳ್ಳು ಹೇಳಿದೆ ಅಂತ ನನಗೆ ಅನ್ನಿಸಲೇ ಇಲ್ಲ.

ನಿನ್ನ ಮನೆ ತಣ್ಣಗಿರಲಿ, ನಿನ್ನ ಕೈಯಲ್ಲಿ ಕಲಿತ ಮಕ್ಕಳೆಲ್ಲ ಮುಂದೆ ಬರಲಿ. ಇಲ್ಲಿಂದಲೇ ನಿನ್ನ ಕಾಲು ಮುಟ್ಟಿದ್ದೇನೆ ಅಂದುಕೋ.

ನಿನ್ನ ತಂಗಿ,
ಸುಮ