ಬದುವಿನ ವೀರಗಲ್ಲು

ಹಗರೆ. ಜೂನ್ 17, ಮಂಗಳವಾರ

ಕದ್ದು ಓದೋರೇ, ನಾಚಿಕೆ ಐತೇನ್ರೋ? ಹೆತ್ತವಳ ಪುಸ್ತಕ ಇದು, ಪಹಣಿ ಅಲ್ಲ. ಹಾಳೆ ಮೇಲೆ ಬೀಡಿ ಬೂದಿ ಉದುರಿಸಿದ್ದು ದೊಡ್ಡೋನು ಪುಟ್ಟಸ್ವಾಮಿ. ಕಾಫಿ ಚೆಲ್ಲಿದ್ದು ಚಿಕ್ಕೋನು ಶಶಿಕಿರಣ್. ಮಾತು ಬಿಟ್ಟು ಎರಡು ವರ್ಷ, ಕದಿಯೋದ್ರಲ್ಲಿ ಮಾತ್ರ ಅಣ್ತಮ್ಮಂದ್ರು.

ಕೊಟ್ಟಿಗೆ ಬಾಚಿ ಡೈರಿಗೆ ಹಾಲು ಹಾಕಿ ಬಂದೆ. ಸೊಂಟ ಬಿದ್ದೋಯ್ತು.

ಜಗಳ ಇಬ್ಬರ ಹೊಲದ ನಡುವಿನ ಬದುವಿನ ಮೇಲಿರೋ ವೀರಗಲ್ಲಿಂದು. ಶ್ರಾವಣದಲ್ಲಿ ಅಣ್ಣ ನೀರು ಹುಯ್ಯಬೇಕು, ತಮ್ಮ ಅರಿಶಿನ ಬಳೀಬೇಕು. ಇಬ್ಬರ ಕೈಯೂ ಬೀಳದಿದ್ರೆ ಪೂಜೆ ಇಲ್ಲ. ಈಗ ಇಬ್ಬರಿಗೂ ಕಲ್ಲು ತನ್ನ ಕಡೆನೇ ಬೇಕು. ಇವರಪ್ಪ ಹೊಲ ಹಂಚಿದ್ರು, ಕಲ್ಲಿನ ಮಾತು ಆಡದೆ ಹೋದ್ರು.

ಜೂನ್ 20, ಶುಕ್ರವಾರ

ಪುಟ್ಟಸ್ವಾಮಿ ಮಗಳು ಹೇಮಾಶ್ರೀ ಪರೀಕ್ಷೆಗೆ ಗಟ್ಟಿಯಾಗಿ ಓದ್ತಿದ್ಲು. ಹಳೇಬೀಡಿನ ಸೋಮೇಶ್ವರ ರಾಜ ಇಬ್ಬರು ಮಕ್ಕಳಿಗೆ ರಾಜ್ಯ ಹಂಚಿದ್ನಂತೆ. ಅವರು ಕಿತ್ತಾಡಿದ್ರು. ಮೊಮ್ಮಗ ಬಲ್ಲಾಳ ಮತ್ತೆ ಒಂದು ಮಾಡ್ದ. ಮಾಡಿ ಸುಮ್ಮನಿದ್ನಾ? ಪಾಂಡ್ಯರ ಅಣ್ತಮ್ಮಂದಿರ ಜಗಳದಲ್ಲಿ ಲಾಭ ನೋಡಕ್ಕೆ ತೆಂಕಲಿಗೆ ಹೋದ. ಅವನು ಅತ್ತ, ದಿಲ್ಲಿ ದಂಡು ಇತ್ತ.

"ಅಂಥಾ ದೇವಸ್ಥಾನ ಕಟ್ಟಿದ ವಂಶಕ್ಕೆ ಇಷ್ಟು ಬುದ್ಧಿ ಬೇಡ್ವೇನೇ?" ಅಂದೆ.

"ನೀನೇ ಬಂದು ಪರೀಕ್ಷೆ ಬರಿ ಅಜ್ಜಿ, ಫಸ್ಟ್ ಕ್ಲಾಸ್ ಬತ್ತೀಯ."

ಜೂನ್ 24, ಮಂಗಳವಾರ, ಸಂಜೆ

ಪುಟ್ಟಸ್ವಾಮಿ ಸರ್ವೇಯರನ್ನ ಕರೆಯಕ್ಕೆ ಬೇಲೂರಿಗೆ. ಶಶಿಕಿರಣ್ ಲಾಯರ್ ನೋಡಕ್ಕೆ ಅರಸೀಕೆರೆಗೆ. ಒಂದೇ ದಿನ.

ಹನ್ನೊಂದಕ್ಕೆ ಟೆಂಪೊ ಬಂತು. ಮೂರು ಜನ, ಹಾರೆ, ಹಗ್ಗ. "ಅಮ್ಮ, ನಿಮ್ಮ ಮಗ ಕಳ್ಸವ್ರೆ, ಕಲ್ಲು ಸರಿಸ್ಬೇಕು."

ಯಾವ ಮಗ ಅಂತ ಕೇಳ್ಲಿಲ್ಲ. ಕೇಳಿದ್ರೆ ಇನ್ನೊಬ್ಬನಿಗೆ ಹೇಳ್ಬೇಕು... ಸಾಕಾಗಿತ್ತು. ಬಿಸಿಲಲ್ಲಿ ಅಗೀತಿದ್ರು ಅಂತ ಮಜ್ಜಿಗೆ ಬೇರೆ ಕೊಟ್ಟೆ. ನಾನೇ.

ಕಲ್ಲು ಹೋಯ್ತು. ಮನೆಗೆ ಬಂದ್ಮೇಲೆ ಕೇಳಿದ್ರೆ, ಇಬ್ಬರೂ ಯಾರನ್ನೂ ಕಳ್ಸಿರಲಿಲ್ವಂತೆ.

ಜುಲೈ 6, ಭಾನುವಾರ

ಇಷ್ಟು ದಿನ ಬರೆಯಕ್ಕೆ ಕೈ ಏಳಲಿಲ್ಲ. ಮನೆಯವರು ಯಾರೂ ಮಾರಿಲ್ಲ ಅಂತ ಇಬ್ಬರೂ ಸೈನ್ ಹಾಕಿ ಕೊಡಿ, ಹುಡುಕ್ತೀವಿ ಅಂದ್ರು ಪೊಲೀಸ್ನೋರು.

"ಮಾರ್ಕೊಂಡಿರೋನೇ ಅವ್ನು. ಅವನ ಕೆಳಗೆ ನಾನು ಸೈನ್ ಹಾಕ್ಲಾ?" ದೊಡ್ಡೋನು.

"ಮೊದ್ಲು ಅವ್ನು ಹಾಕ್ಲಿ. ದೊಡ್ಡ ಮನುಷ್ಯ ಅಲ್ವಾ." ಚಿಕ್ಕೋನು.

ಕಲ್ಲು ಎಷ್ಟು ದೂರ ಹೋಯ್ತೋ.

ಜುಲೈ 13, ಭಾನುವಾರ

ಕಲ್ಲು ಕಿತ್ತ ಗುಂಡಿಲಿ ಮಳೆನೀರು ನಿಂತೈತೆ. ಟೆಂಪೊದವರ ಮುಖ ನೋಡಿರೋಳು ನಾನೊಬ್ಬಳೇ. ನಂಗೋ ಎಪ್ಪತ್ತಾರು. ಇನ್ನೆಷ್ಟು ದಿನ ಜ್ಞಾಪಕ ಇರ್ತದೆ?

ಕಂಪ್ಲೇಂಟ್ ಕಾಗದ ಈ ಹಾಳೆ ಮಧ್ಯ ಇಟ್ಟಿದ್ದೀನಿ. ಕಳ್ಳರನ್ನ ಒಳಗೆ ಬಿಟ್ಟೋಳು ನಾನು ಅಂತ ಮೊದ್ಲೇ ಸೈನ್ ಹಾಕಿದ್ದೀನಿ. ನನ್ನ ಸೈನ್ ಕೆಳಗೆ ಜಾಗ ಐತೆ. ಅಕ್ಕಪಕ್ಕ ಹಾಕ್ರೋ, ಯಾರೂ ಮೇಲಲ್ಲ ಯಾರೂ ಕೆಳಗಲ್ಲ. ಆಗಲ್ಲ ಅಂದ್ರೆ ಅದನ್ನೂ ಇಲ್ಲೇ ಬರೀರಿ. ಶ್ರಾವಣ ಹುಟ್ಟೋದ್ರೊಳಗೆ ಉತ್ತರ ಬೇಕು. ಇಬ್ಬರದೂ.