ಗಾಡಿ: ಅತ್ತೆ ನೋಡಿಕೊಳ್ಳುತ್ತಾರೆ

ಗ್ಯಾರೇಜಿನಿಂದ,
ತಾರೀಖು ಹದಿನಾಲ್ಕು, ಮಂಗಳವಾರ, ಊಟವಾದ ಮೇಲೆ

ಗಡಿಬಿಡೀ,

ಆಶೀರ್ವಾದ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಪತ್ರ ಮುಗಿಯುವಷ್ಟರಲ್ಲಿ ಆಶೀರ್ವಾದ ಮಾಡುವ ಮನಸ್ಸು ಉಳಿದಿರುತ್ತದೋ ಇಲ್ಲವೋ.

ನಿನ್ನ ಪಟ್ಟಿ ಬಂತು. ನಾಲ್ಕು ಹಾಳೆ. ನಾನು ಓದಿದ್ದೂ ನಾಲ್ಕನೇ ಕ್ಲಾಸಿನ ತನಕ, ಹಾಳೆಗೊಂದು ಕ್ಲಾಸು ಅಂದುಕೊಂಡು ಓದಿದೆ. ಮುಗಿಸಿದಾಗ ಬಾಯಿಗೆ ಗ್ರೀಸು ಹೋದ ಹಾಗಾಯಿತು. ಆರು ಸಾವಿರ ಕಿಲೋಮೀಟರು, ಎರಡು ದೇಶದ ಗಡಿ, ನಿಮ್ಮಪ್ಪನ ಹಳೇ ಮೋಟಾರ್ ಸೈಕಲ್ಲು, ಅದರ ಮೇಲೆ ಹಲ್ಲಿನ ಡಾಕ್ಟರಮ್ಮ ನೀನು. ಇರಲಿ, ಹೋಗುವವರನ್ನು ಹಿಡಿದು ಕೂರಿಸಲಿಕ್ಕೆ ಆಗುವುದಿಲ್ಲ. ಆದರೆ ಅದೇನೇ ಅದು ಪಟ್ಟಿ? ಮಡಚುವ ಕುರ್ಚಿ. ಮಡಚುವ ಲೋಟ. ಹೆಲ್ಮೆಟ್ಟಿಗೊಂದು ಕ್ಯಾಮೆರಾ, ಕ್ಯಾಮೆರಾಕ್ಕೊಂದು ಟೋಪಿ. ಗಾಡಿಗೆ ಅಂಟಿಸಲು ಇಪ್ಪತ್ತು ಸ್ಟಿಕ್ಕರು, ಎಲ್ಲಾ ನೀನಿನ್ನೂ ಕಾಲಿಡದ ಊರುಗಳದ್ದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೆ, ಕೂಸು ಶಾಲೆ ಮುಗಿಸಿದ ಸರ್ಟಿಫಿಕೇಟು ಮಾಡಿಸುವವರನ್ನು ಈಗಲೇ ನೋಡಿದ್ದು.

ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದೀಯ, ನನ್ನನ್ನು ನಾನು ಹುಡುಕಿಕೊಳ್ಳಲು ಹೊರಟಿದ್ದೇನೆ ಅಂತ. ಕಳೆದುಹೋದದ್ದು ಯಾವಾಗ? ಮೊದಲು ಮಂಚದ ಕೆಳಗೆ ನೋಡು. ಚಿಕ್ಕಂದಿನಿಂದ ನಿನ್ನ ಚಪ್ಪಲಿ, ಬಾಚಣಿಗೆ, ಪೆನ್ಸಿಲ್ಲು ಎಲ್ಲಾ ಅಲ್ಲೇ ಸಿಕ್ಕಿದ್ದು.

ನಿನ್ನ ಜೊತೆ ಬರುವ ಆ ಕ್ಯಾಮೆರಾದವನು ಹೋದ ವಾರ ಗಾಡಿ ನೋಡಲು ಬಂದಿದ್ದ. ಮಣ್ಣು ಕಾಣದ ಬೂಟು ಹಾಕಿಕೊಂಡು ಸೀಟಿನ ಮೇಲೆ ಕೂತು, ಹಿಂದಿನಿಂದ, ಮುಂದಿನಿಂದ, ಮಂಡಿಯೂರಿ, ಎಲ್ಲಾ ರೀತಿ ಫೋಟೋ ತೆಗೆದುಕೊಂಡ. ನಾನು ಟ್ಯಾಂಕು ಉಜ್ಜಲು ಹೋದರೆ, "ಆಂಟಿ, ತುಕ್ಕು ತೆಗೀಬೇಡಿ, ಫೋಟೋದಲ್ಲಿ ಚೆನ್ನಾಗಿ ಬರುತ್ತೆ" ಅಂದ. "ನಿನ್ನ ಹಲ್ಲಿನ ಹಳದೀನೂ ಚೆನ್ನಾಗಿ ಬರುತ್ತಪ್ಪಾ, ಉಜ್ಜಬೇಡ" ಅಂದೆ. ನಿಮ್ಮಪ್ಪ ಸ್ಟೂಲಿನ ಮೇಲೆ ಕೂತು ಕಾರ್ಬುರೇಟರ್ ತೊಳೆಯುತ್ತಿದ್ದವನು ಕೆಮ್ಮಿದ ಹಾಗೆ ಮಾಡಿ ನಕ್ಕ. ಹುಡುಗನಿಗೆ ಬೇಜಾರಾಯಿತಂತೆ. ಆಗಲಿ.

ಗಾಡಿಯ ವಿಷಯ ಕೇಳು. ಮೂವತ್ತೊಂದು ವರ್ಷದಿಂದ ಹಿಂದಿನ ಗೋಡೆಗೆ ಒರಗಿ ತಾರ್ಪಾಲಿನ ಕೆಳಗೆ ನಿಂತಿದ್ದ ಗಾಡಿ ಅದು. ಸೀಟಿನೊಳಗೆ ಇಲಿಯೊಂದು ಸಂಸಾರ ಹೂಡಿ, ಮಕ್ಕಳು ಮರಿಗಳನ್ನೆಲ್ಲ ದಡ ಹತ್ತಿಸಿ ಹೋಗಿತ್ತು. ಟೈರು ನನ್ನ ಹಿಮ್ಮಡಿಯ ಹಾಗೆ ಬಿರುಕು ಬಿಟ್ಟಿತ್ತು. ಟ್ಯಾಂಕಿನ ತಳದಲ್ಲಿ ಪೆಟ್ರೋಲು ಅಂಟಾಗಿ, ಮೂಗು ಹಿಡಿದು ಕೆರೆಯಬೇಕಾಯಿತು. ಎಲ್ಲಾ ಮಾಡಿದ್ದೇವೆ. ಹೊಸ ಟೈರು, ಹೊಸ ಕೇಬಲ್ಲು, ಪಿಸ್ಟನ್ನಿನ ಉಂಗುರಗಳು. ನಿನ್ನೆ ನಿಮ್ಮಪ್ಪ ನೆಟ್ಟಗಿರುವ ಕಾಲಿನಲ್ಲಿ ಕಿಕ್ ಹೊಡೆದ. ಏಳನೆಯದಕ್ಕೆ ಹತ್ತಿತು. ಅವನು ಆ ಸದ್ದು ಕೇಳುತ್ತಾ ನಿಂತ. ನಾನು ಒಳಗೆ ಹೋಗಿ ನೀರು ಕುಡಿದೆ.

ಇಷ್ಟರ ತನಕ ಬೈದದ್ದೆಲ್ಲ ಬಾಯಿ ಚಪಲಕ್ಕೆ. ನಿಜವಾಗಿ ಹೇಸಿಗೆ ಹುಟ್ಟಿಸಿದ್ದು ನಿನ್ನ ಪಟ್ಟಿಯ ಕೊನೆಯ ಸಾಲು. ಕುರ್ಚಿಗೆ ಎರಡು ಸಾಲು, ಕ್ಯಾಮೆರಾಕ್ಕೆ ಒಂಬತ್ತು ಸಾಲು. ಗಾಡಿಗೆ ಒಂದೇ, ನಲವತ್ತಮೂರನೆಯದು. "ಗಾಡಿ: ಅತ್ತೆ ನೋಡಿಕೊಳ್ಳುತ್ತಾರೆ." ಅಷ್ಟೇ. ಮುಂದೆ ಒಂದು ಸರಿ ಗುರುತು ಬೇರೆ ಹಾಕಿದ್ದೀಯ, ಆಗಿಹೋದ ಕೆಲಸದ ಹಾಗೆ.

ಒಂದು ಹಲ್ಲು ಕೀಳುವ ಮುಂಚೆ ಎಕ್ಸ್‌ರೇ ತೆಗೆದು, ಬೆಳಕಿಗೆ ಹಿಡಿದು, ಬಾಯೊಳಗೆ ಕನ್ನಡಿ ಇಟ್ಟು ನೋಡುವವಳು ನೀನು. ನಿನ್ನ ಜೀವ ಕೂರುವ ಗಾಡಿಯನ್ನು ಒಬ್ಬ ಮುದುಕಿಯ ಹೆಸರು ಬರೆದು ಮುಗಿಸಿದೆಯಲ್ಲ. ಆ ಮುದುಕಿ ಯಾರು ಅಂತ ನಿನಗೆ ಗೊತ್ತಿಲ್ಲ. ಹೇಳುತ್ತೇನೆ.

ನಮ್ಮಪ್ಪ, ನಿನ್ನ ತಾತ, ಈ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇಟ್ಟಿದ್ದರು. ಬಿಗಿಯುವವನೊಬ್ಬ, ಗುರುತು ಹಾಕುವವನೊಬ್ಬ. ಬಿಗಿದವನು "ಆಯ್ತು" ಅನ್ನಬೇಕು. ಆಮೇಲೆ ಇನ್ನೊಬ್ಬ ನಟ್ಟಿನ ತಲೆಯಿಂದ ಚೌಕಟ್ಟಿನ ತನಕ ಒಂದು ಕೆಂಪು ಗೆರೆ ಎಳೆಯಬೇಕು. ನಟ್ಟು ಸಡಿಲವಾಗಿ ತಿರುಗಿದರೆ ಗೆರೆ ತುಂಡಾಗಿ ದೂರದಿಂದಲೇ ಕಾಣುತ್ತದೆ. ಕೆಂಪು ಬಿದ್ದ ನಟ್ಟನ್ನು ಮತ್ತೆ ಯಾರೂ ಮುಟ್ಟಬಾರದು, ಬಿಗಿದದ್ದನ್ನೇ ಬಿಗಿದರೆ ಒಳಗಿನ ತಿರುಪು ಸವೆದುಹೋಗುತ್ತದೆ ಅಂತ. ನಿಮ್ಮಪ್ಪ ಬಿಗಿಯುತ್ತಿದ್ದ, ನಾನು ಗೆರೆ ಎಳೆಯುತ್ತಿದ್ದೆ. ಬಣ್ಣ ಯಾವುದು ಅಂದರೆ ನನ್ನ ನೇಲ್ ಪಾಲಿಶ್. ಕೈ ತುಂಬ ಮಸಿ, ಜೇಬಿನಲ್ಲಿ ನೇಲ್ ಪಾಲಿಶ್. ಗಿರಾಕಿಗಳು ನಗುತ್ತಿದ್ದರು. ನೀನು ಇದನ್ನು ನೋಡಿಲ್ಲ, ನೀನು ಹುಟ್ಟುವ ಎರಡು ವರ್ಷ ಮುಂಚೆಯೇ ನಿಂತುಹೋಯಿತು. ಒಂದೊಂದು ನಟ್ಟನ್ನು ನಾನು ಮೂರು ಮೂರು ಸಲ ಮುಟ್ಟಿ ನೋಡುವುದಕ್ಕೆ ನೀವೆಲ್ಲ "ಅತ್ತೆಗೆ ಮರೆವು" ಅಂತ ಆಡಿಕೊಳ್ಳುತ್ತಿದ್ದಿರಲ್ಲ, ಅದು ಮರೆವಲ್ಲ.

ಆಗ ನಿಮ್ಮಪ್ಪನಿಗೆ ಇಪ್ಪತ್ತಾರು, ನನಗೆ ಮೂವತ್ತನಾಲ್ಕು. ಇದೇ ಗಾಡಿಯಲ್ಲಿ ಸಮುದ್ರ ಸಿಗುವ ತನಕ ಹೋಗುವುದು ಅಂತ ನಾವಿಬ್ಬರೂ ಎರಡು ವರ್ಷ ಲೆಕ್ಕ ಹಾಕಿದ್ದೆವು. ಈ ಬೆಂಚಿನ ಮೇಲೆಯೇ ನಕ್ಷೆ ಹಾಸಿಕೊಂಡು, ಅದರ ನಾಲ್ಕು ಮೂಲೆಗೆ ನಾಲ್ಕು ಸ್ಪ್ಯಾನರು ಇಟ್ಟುಕೊಂಡು. ನಾನು ತಾರ್ಪಾಲಿನಲ್ಲಿ ಎರಡು ಚೀಲ ಹೊಲಿದಿದ್ದೆ, ಎಡಗಡೆಯದು ಅವನದು, ಬಲಗಡೆಯದು ನನ್ನದು. ಹೊರಡಲು ಒಂದು ವಾರವಿದ್ದಾಗ ನಮ್ಮಪ್ಪ, ಇಬ್ಬರೂ ಹೋದರೆ ಅಂಗಡಿ ಯಾರು ನೋಡುತ್ತಾರೆ, ಒಬ್ಬರು ನಿಲ್ಲಿ ಅಂದರು. ನಿಮ್ಮಪ್ಪ ನನ್ನ ಮುಖ ನೋಡಲಿಲ್ಲ. "ಅಕ್ಕ ಇರ್ತಾಳೆ ಬಿಡಪ್ಪ" ಅಂದ. ನನ್ನನ್ನು ಒಂದು ಮಾತು ಕೇಳಲಿಲ್ಲ. ನನ್ನ ಚೀಲದಲ್ಲಿ ಅವನ ಕೋಟು ತುರುಕಿದ. ಅವತ್ತಿನಿಂದ ನಾನು ಅವನ ಜೊತೆ ಮಾತು ಬಿಟ್ಟೆ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವನು ಹಿಂದಿನ ಗಾಲಿ ಕೂರಿಸುತ್ತಿದ್ದ. ಅಚ್ಚಿನ ನಟ್ಟನ್ನು ಕೈಯಲ್ಲಿ ತಿರುಗಿಸಿ, ಸ್ಪ್ಯಾನರು ಹಚ್ಚುವಷ್ಟರಲ್ಲಿ ಹೊರಗೆ ಯಾರೋ ಗಿರಾಕಿ ಕೂಗಿದ. ಎದ್ದು ಹೋದ. ನಾನು ಬಾಟಲಿ ಹಿಡಿದು ಕೂತಿದ್ದೆ. "ಆಯ್ತು" ಅಂತ ಅವನು ಅಂದಿರಲಿಲ್ಲ. ಹೊರಗೆ ಗಿರಾಕಿಯ ಹತ್ತಿರ ನಗುತ್ತಾ ಹೇಳುತ್ತಿದ್ದ, "ನಾನು ನಾಳೆ ಹೊರಟೆ, ಅಕ್ಕ ಇದಾಳಲ್ಲ, ಎಲ್ಲಾ ಅವಳೇ ನೋಡ್ಕೋತಾಳೆ."

ನನ್ನ ತಲೆಗೆ ಏರಿತು. ನೋಡಿಕೊಳ್ಳುತ್ತೇನೆ ತಡಿ ಅಂತ ಕಣ್ಣಿಗೆ ಕಂಡ ನಟ್ಟಿಗೆಲ್ಲ ಸರಸರ ಗೆರೆ ಎಳೆದು, ಬಾಟಲಿಯ ಮುಚ್ಚಳ ಹಾಕಿ ಎದ್ದುಬಿಟ್ಟೆ. ಅವನು ವಾಪಸು ಬಂದ, ಕೆಂಪು ನೋಡಿದ, ಚೈನಿನ ಕವರು ಹಾಕಲು ಹೋದ. ನಮ್ಮ ಮನೆಯ ಪದ್ಧತಿ. ಕೆಂಪು ಕಂಡರೆ ಮುಟ್ಟುವ ಹಾಗಿಲ್ಲ.

ಗಮನವಿರಲಿಲ್ಲ, ಸಿಟ್ಟಿನಲ್ಲಿ ಆಗಿಹೋಯಿತು ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದೂ ಸುಳ್ಳು. ಮಾರನೇ ಬೆಳಿಗ್ಗೆ ಅವನು ಗಾಡಿ ಹತ್ತಿದಾಗ, ಅಚ್ಚಿನ ನಟ್ಟು ಬಿಗಿದೇ ಇಲ್ಲ ಅಂತ ನೆನಪಾಯಿತು. ಬಾಗಿಲಲ್ಲಿ ನಿಂತಿದ್ದೆ. "ತಡಿಯೋ" ಅನ್ನಬೇಕಿತ್ತು, ಮೂರೇ ಅಕ್ಷರ ಬಾಯಿಂದ ಬಂದಿದ್ದರೂ ಸಾಕಿತ್ತು. ಮೊದಲು ಅವನೇ ಮಾತಾಡಿಸಲಿ ಅಂತ ಕಾದೆ. ಅವನು ಕೈ ಬೀಸಿದ, ಹೋದ.

ಸಂಜೆ ಸುದ್ದಿ ಬಂತು. ಗಾಡಿ ಲಾರಿಯಲ್ಲಿ ಬಂತು, ಅವನು ಆಸ್ಪತ್ರೆಯಿಂದ ನಾಲ್ಕು ತಿಂಗಳ ಮೇಲೆ ಬಂದ, ಒಂದು ಕಾಲು ಮೂರು ಬೆರಳು ಗಿಡ್ಡವಾಗಿ. ತಿರುವಿನಲ್ಲಿ ನಾಯಿ ಅಡ್ಡ ಬಂತು ಅಂದ. ನೀನು ಆ ನಾಯಿಯ ಕಥೆ ಕೇಳಿಕೊಂಡೇ ಬೆಳೆದವಳು. ಆದರೆ ಲಾರಿಯಿಂದ ಗಾಡಿ ಇಳಿಸಿದವಳು ನಾನು. ಅಚ್ಚಿಗೆ ನಟ್ಟೇ ಇರಲಿಲ್ಲ. ಚೌಕಟ್ಟಿನ ಮೇಲೆ ಅರ್ಧ ಕೆಂಪು ಗೆರೆ ಮಾತ್ರ ಉಳಿದಿತ್ತು. ನಾನು ಬ್ಲೇಡು ತಂದು ಅದನ್ನು ಕೆರೆದು ತೆಗೆದೆ, ಕಬ್ಬಿಣ ಕಾಣುವ ತನಕ. ಆಮೇಲೆ ಊರವರ ಮುಂದೆ ನಿಂತು ನಾಯಿಗೆ ಶಾಪ ಹಾಕಿದೆ. ನಾಯಿಯೂ ಬಂದಿರಬಹುದು, ನಟ್ಟು ದಾರಿಯಲ್ಲಿ ಬೀಳುವ ಮುಂಚೆಯೇ ಬಂದಿರಬಹುದು ಅಂತ ಅದರ ಬೆನ್ನಿನ ಮೇಲೆ ನನ್ನ ಹೊರೆ ಹೊರಿಸಿ ಬದುಕಿದೆ. ಈಗ ತಿಳಿಯಿತಾ ನಿನ್ನ ನಲವತ್ತಮೂರನೇ ಸಾಲು ಓದಿ ನನಗೆ ಹೇಸಿಗೆ ಯಾಕೆ ಹುಟ್ಟಿತು ಅಂತ?

ಹೋಗಬೇಡ ಅನ್ನುವುದಿಲ್ಲ. ಅವತ್ತು ಒಂದು ಬಾಯಿ "ಅಕ್ಕ ಇರ್ತಾಳೆ" ಅಂದದ್ದಕ್ಕೆ ಏನಾಯಿತು ಅಂತ ನೋಡಿದವಳು ನಾನು. ಆದರೆ ಗಾಡಿ ಹೀಗೇ ಕೊಡುವುದೂ ಇಲ್ಲ. ಎಲ್ಲಾ ನಟ್ಟುಗಳನ್ನೂ ಸಡಿಲ ಮಾಡಿ ಇಟ್ಟಿದ್ದೇನೆ, ಒಂದೂ ಬಿಡದೆ. ನಿನ್ನ ಆಸ್ಪತ್ರೆಗೆ ನಾಲ್ಕು ದಿನ ರಜೆ ಹಾಕಿ ಬಾ. ಹಳೇ ಬಟ್ಟೆ ತಾ. ಪ್ರತಿಯೊಂದನ್ನೂ ನೀನೇ ಬಿಗಿಯಬೇಕು, ಅಂಗೈಗೆ ಬೊಬ್ಬೆ ಬರಲಿ. ನಾನು ಪಕ್ಕದಲ್ಲಿ ಬಾಟಲಿ ಹಿಡಿದು ಕೂತಿರುತ್ತೇನೆ. ನೀನು "ಆಯ್ತು" ಅಂತ ಬಾಯಿಬಿಟ್ಟು ಹೇಳುವ ತನಕ ಮುಚ್ಚಳ ತೆಗೆಯುವುದಿಲ್ಲ. ದಾರಿಯಲ್ಲಿ ಪ್ರತಿ ಬೆಳಿಗ್ಗೆ ಗೆರೆ ನೋಡಿ ಹೊರಡು. ಯಾರ ಮೇಲಾದರೂ ಮುನಿಸಿಕೊಂಡಿದ್ದರೆ ಎರಡು ಸಲ ನೋಡು.

ಇಷ್ಟು ಓದಿದ ಮೇಲೂ ಈ ಅತ್ತೆಯ ಹತ್ತಿರ ಬರುವ ಮನಸ್ಸಿದ್ದರೆ ಬಾ. ಇಲ್ಲದಿದ್ದರೆ ಬೇರೆ ಮೆಕ್ಯಾನಿಕ್ಕನ್ನು ಹುಡುಕಿಕೋ, ನಿನ್ನನ್ನು ನೀನು ಹುಡುಕಿಕೊಳ್ಳುವ ಮುಂಚೆ. ನಾನು ಬೈಯುವುದಿಲ್ಲ. ಆ ಹಕ್ಕು ನನಗಿಲ್ಲ.

ಸ್ಪ್ಯಾನರು ಕೆಳಗಿಟ್ಟು ಬರೆದವಳು,
ನಿನ್ನ ಸಿಡುಕತ್ತೆ

ತಾ.ಕ.: ಅಂಟಿಸುವ ಮುಂಚೆ ಈ ಪತ್ರವನ್ನು ನಿಮ್ಮಪ್ಪನಿಗೆ ಓದಿ ಹೇಳಿದೆ. ನಿನಗೆ ಹೇಳಿ ಅವನಿಗೆ ಹೇಳದೆ ಇರುವುದು ಇನ್ನೊಂದು ಹೇಸಿಗೆ ಅನ್ನಿಸಿತು. ಯಾವುದೋ ಗಿರಾಕಿಯ ಕಾರ್ಬುರೇಟರು ತೊಳೆಯುತ್ತಲೇ ಪೂರ್ತಿ ಕೇಳಿದ. ಆಮೇಲೆ, "ಯಾವ ನಾಯಿ ಅಕ್ಕಾ? ಆ ದಾರೀಲಿ ಒಂದು ಇರುವೇನೂ ಇರಲಿಲ್ಲ" ಅಂದ. ಕೈ ಒರೆಸಿಕೊಂಡು ಎದ್ದು ಹೋಗಿ, ಅಟ್ಟದ ಮೇಲಿಂದ ನಾನು ಹೊಲಿದ ಬಲಗಡೆಯ ಚೀಲ ತಂದು ನಿನ್ನ ಗಾಡಿಯ ಮೇಲಿಟ್ಟ. ಅದರೊಳಗೆ ಅವನ ಕೋಟು ಇರಲಿಲ್ಲ.